ಸಹಾಯ ಬೇಕು: ಜ್ಯಾಂಗೋ ಆ್ಯಪ್ ಎಲ್ಲಿ ಇಡೋದು, ಕೋಡ್ ಹೇಗೆ ಕಾಪಾಡೋದು?

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಸಹಕಾರ ಸಂಘಕ್ಕೆ ಜ್ಯಾಂಗೋದಲ್ಲಿ (ಪೈಥಾನ್ ಭಾಷೆಯ ವೆಬ್ ಫ್ರೇಮ್‌ವರ್ಕ್) ಬಿಲ್ಲಿಂಗ್ ಆ್ಯಪ್ ಬರೆದಿದ್ದೇನೆ. ಉಬುಂಟು ವಿಪಿಎಸ್ (ಇಂಟರ್ನೆಟ್‌ನಲ್ಲಿ ಬಾಡಿಗೆಗೆ ಸಿಗುವ ಸರ್ವರ್) ತಗೊಂಡು, ಆ್ಯಪ್ ಓಡಿಸೋಕೆ ಗುನಿಕಾರ್ನ್, ಎಂಜಿನ್‌ಎಕ್ಸ್ ಹಾಕೋಣ ಅಂತಿದ್ದೆ. ಡೀಬಗ್ (ತಪ್ಪಾದಾಗ ಒಳಗಿನ ವಿವರ ತೋರಿಸುವ ಸೆಟ್ಟಿಂಗ್) ಆಫ್ ಮಾಡಬೇಕು, ಸೀಕ್ರೆಟ್ ಕೀ, ಡೇಟಾಬೇಸ್ ಪಾಸ್‌ವರ್ಡ್ ಕೋಡ್ ಬದಲಾವಣೆ ದಾಖಲಿಸುವ ಗಿಟ್‌ಗೆ ಹೋಗಬಾರದು ಅನ್ನೋದೆಲ್ಲ ಗೊತ್ತು.

ತಲೆಬಿಸಿ ಬೇರೆಯದೇ. ಸರ್ವರ್ ತಮ್ಮ ಆಫೀಸಿನಲ್ಲೇ ಇರಲಿ ಅನ್ನುತ್ತಿದ್ದಾರೆ ಸಂಘದವರು. ಜಾವಾಸ್ಕ್ರಿಪ್ಟ್ ಹೇಗಿದ್ದರೂ ಬ್ರೌಸರ್‌ನಲ್ಲಿ ಎಲ್ಲರಿಗೂ ಕಾಣುತ್ತದೆ, ಮಿನಿಫೈ ಮಾಡಿ (ಓದಲು ಕಷ್ಟವಾಗುವಂತೆ ಕುಗ್ಗಿಸಿ) ಸುಮ್ನೆ ಸಮಾಧಾನ ಪಡಬಹುದು ಅಷ್ಟೇ, ಆದರೆ ಪೈಥಾನ್ ಕೋಡ್ ಅವರ ಮಷೀನಿನಲ್ಲೇ ಕೂತರೆ ರೂಟ್ ಪಾಸ್‌ವರ್ಡ್ (ಸರ್ವರ್‌ನ ಪೂರ್ತಿ ಅಧಿಕಾರ ಕೊಡುವ ಪಾಸ್‌ವರ್ಡ್) ಇರುವ ಯಾರು ಬೇಕಾದರೂ ಕಾಪಿ ಮಾಡಬಹುದು ಅಲ್ವಾ? ಸೈಥಾನ್‌ನಲ್ಲಿ ಕಂಪೈಲ್ ಮಾಡಿ (ಪೈಥಾನ್ ಕೋಡನ್ನು ಸುಲಭವಾಗಿ ಓದಲಾಗದ ಫೈಲ್ ಆಗಿ ಬದಲಿಸಿ) ಕೊಡಲೋ, ಇಲ್ಲ ವಿಪಿಎಸ್ ನನ್ನ ಹೆಸರಲ್ಲೇ ಇಟ್ಟು ತಿಂಗಳಿಗಿಷ್ಟು ಅಂತ ತಗೊಳ್ಳಲೋ? ನನಗೆ ಎರಡನೆಯದೇ ಸರಿ ಅನಿಸುತ್ತದೆ, ಆದರೆ ಬ್ಯಾಕಪ್ ಹೊಣೆ ಪೂರ್ತಿ ನನ್ನ ತಲೆಗೆ ಬರುತ್ತದೆ. ಇಂಥ ಕೆಲಸಕ್ಕೆ ಕರಾರು ಪತ್ರ ಮಾಡಿಸಿದವರು ಯಾರಾದರೂ ಇದ್ದರೆ, ಕೋಡ್ ಯಾರದು ಅನ್ನುವ ಬಗ್ಗೆ ಅದರಲ್ಲಿ ಏನು ಬರೆಸಿದಿರಿ ಅಂತ ದಯವಿಟ್ಟು ತಿಳಿಸಿ.