ಸೇನಾ ತರಬೇತಿಗೆ ಮೂರು ತಿಂಗಳಲ್ಲಿ ತಯಾರಿ ಹೇಗೆ?

ಕುಂಬಳೆ ಹುಡುಗ: ಅಗ್ನಿವೀರ್ ಓಟಕ್ಕೆಂದು ದಿನಾ ಓಡಿ ಮೊಣಕಾಲಿನ ಕೆಳಗೆ ಎಲುಬು ನೋಯುತ್ತಿದೆ. ಏನು ಮಾಡಲಿ ಅಣ್ಣಂದಿರೇ?

ಬದಿಯಡ್ಕದವ: ದಿನಾ ಓಡುವುದೇ ತಪ್ಪು ತಮ್ಮಾ, ವಾರಕ್ಕೆ ನಾಲ್ಕು ದಿನ ಸಾಕು. ಡಾಮರು, ಮುರಕಲ್ಲಿನ ದಾರಿ ಬಿಟ್ಟು ಮೈದಾನದ ಮಣ್ಣಲ್ಲಿ ಓಡು. ಭರ್ತಿ ಪರೀಕ್ಷೆಯ ಓಟ 1.6 ಕಿ.ಮೀ., ಅಂದರೆ 400 ಮೀಟರಿನ ನಾಲ್ಕು ಸುತ್ತು. 5 ನಿಮಿಷ 30 ಸೆಕೆಂಡಿಗೆ ಮುಗಿಯಬೇಕಾದರೆ ಸುತ್ತಿಗೆ 82 ಸೆಕೆಂಡು. ಮೊದಲ ಸುತ್ತನ್ನೇ 70ಕ್ಕೆ ಓಡಿದವರು ಮೂರನೆಯದರಲ್ಲಿ ಕುಸಿಯುತ್ತಾರೆ. ನೋವು ಒಂದೇ ಕಡೆ ಚುಚ್ಚಿದಂತಿದ್ದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸು. ಎಲುಬಲ್ಲಿ ಸಣ್ಣ ಬಿರುಕಿರಬಹುದು.

ಉಪ್ಪಳ: ಪುಲ್‌ಅಪ್ ಬಾರದಿದ್ದರೆ ಹಾರಿ ಗಲ್ಲ ಬಾರಿನ ಮೇಲಿಟ್ಟು, 5 ಸೆಕೆಂಡಿನಲ್ಲಿ ನಿಧಾನ ಇಳಿ. ಹತ್ತು ಬಂದರೆ 40 ಅಂಕ.

ಮಂಜೇಶ್ವರ: ಹಿಂದಿ ಮರೆಯಬೇಡ. ಸಾವಧಾನ್ (ನೆಟ್ಟಗೆ ನಿಲ್ಲು), ವಿಶ್ರಾಮ್ (ಆರಾಮಾಗಿ ನಿಲ್ಲು), ದಾಹಿನೇ ಮುಡ್ (ಬಲಕ್ಕೆ ತಿರುಗು) ಎಂಬ ಕವಾಯತಿನ ಆಜ್ಞೆ ಕೇಳಿದೊಡನೆ ದೇಹ ಹಾಗೆಯೇ ಮಾಡಬೇಕು. ಮೊಬೈಲಿಲ್ಲದೆ ಬೇಗ ಮಲಗುವುದನ್ನು ಈಗಲೇ ಶುರುಮಾಡು, ತರಬೇತಿಯಲ್ಲಿ ಹೆಚ್ಚಿನವರನ್ನು ಕಾಡುವುದು ನಿದ್ದೆಗೇಡು.