ಹಳೆಯ ಕಾರಿನ ಗಟ್ಟಿ ಬ್ರೇಕ್ ಪೆಡಲ್ ಮತ್ತು ಮಂದ ಹೆಡ್‌ಲೈಟ್: ಸಲಹೆ ಬೇಕು

ಪ್ರಶ್ನೆ:
ನನ್ನ ಪೆಟ್ರೋಲ್ ಕಾರಿಗೆ ಈಗ 30 ವರ್ಷ. ಕೆಲವು ವಾರಗಳಿಂದ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದು, ಒತ್ತಿ ಹಿಡಿದಷ್ಟು ಹೊತ್ತೂ ಬುಸ್ ಎಂಬ ಸದ್ದು ಕೇಳುತ್ತದೆ ಮತ್ತು ಐಡ್ಲಿಂಗ್ ಏರುಪೇರಾಗುತ್ತದೆ. ಸರ್ವೋ (ಎಂಜಿನ್ನಿನ ನಿರ್ವಾತದ ನೆರವಿನಿಂದ ಪೆಡಲ್ ಒತ್ತುವ ಬಲವನ್ನು ಹೆಚ್ಚಿಸುವ ಭಾಗ) ಬದಲಿಸುವ ಮುನ್ನ ದೋಷ ಅದರದ್ದೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಜೊತೆಗೆ, ಮಂದವಾಗಿರುವ ಎಚ್4 ಹ್ಯಾಲೊಜೆನ್ ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬ್ ಹಾಕಿದರೆ ಕಾನೂನಿನ ತೊಡಕು ಬರುತ್ತದೆಯೇ?

ಮೊದಲ ಉತ್ತರ:
ದಯವಿಟ್ಟು ದುರಸ್ತಿಯಾಗುವವರೆಗೆ ಕಾರನ್ನು ರಸ್ತೆಗಿಳಿಸಬೇಡಿ. ಸರ್ವೋ ಕೆಟ್ಟರೂ ಬ್ರೇಕ್ ಹಿಡಿಯುತ್ತದೆ ಎಂಬುದು ನಿಜ, ಆದರೆ ತುರ್ತಿನಲ್ಲಿ ಬೇಕಾಗುವಷ್ಟು ಬಲವನ್ನು ಎಲ್ಲರ ಕಾಲೂ ಕೊಡಲಾರದು.

ಎಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಬಾರಿ ಒತ್ತಿ, ಒಳಗೆ ಉಳಿದ ನಿರ್ವಾತವನ್ನು ಖಾಲಿ ಮಾಡಿ. ಬಳಿಕ ಒತ್ತಿ ಹಿಡಿದುಕೊಂಡೇ ಎಂಜಿನ್ ಸ್ಟಾರ್ಟ್ ಮಾಡಿದಾಗ ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಸರ್ವೋಗೆ ನಿರ್ವಾತ ತಲುಪುತ್ತಿಲ್ಲ, ಇಲ್ಲವೇ ಅದರೊಳಗೆ ನಿಲ್ಲುತ್ತಿಲ್ಲ. ಆಗ ಮೊದಲು ನೋಡಬೇಕಾದದ್ದು ಮ್ಯಾನಿಫೋಲ್ಡಿನಿಂದ (ಎಂಜಿನ್ನಿಗೆ ಗಾಳಿ ಒಯ್ಯುವ ಕೊಳವೆ) ಸರ್ವೋಗೆ ಬರುವ ಹೋಸ್. ಹಳೆಯ ರಬ್ಬರ್ ಹೊರಗೆ ಚೆನ್ನಾಗಿ ಕಂಡರೂ ಒಳಪದರ ಕುಸಿದು ದಾರಿ ಮುಚ್ಚಿರಬಹುದು. ನಂತರ ನಾನ್-ರಿಟರ್ನ್ ವಾಲ್ವನ್ನು ಬಿಚ್ಚಿ ಊದಿ ನೋಡಿ: ಗಾಳಿ ಎಂಜಿನ್ನಿನ ಕಡೆಗೆ ಮಾತ್ರ ಹೋಗಬೇಕು. ಇವೆರಡೂ ಸರಿಯಿದ್ದು ನೀವು ಹೇಳಿದ ಸದ್ದು ನಿಲ್ಲದಿದ್ದರೆ ಸರ್ವೋದೊಳಗಿನ ರಬ್ಬರ್ ಪೊರೆ, ಅಂದರೆ ಡಯಾಫ್ರಾಮ್ ಹರಿದಿರುವ ಸಂಭವ ಹೆಚ್ಚು. ಒತ್ತಿದ ಕ್ಷಣದಲ್ಲಿ ಮಾತ್ರ ಬಂದು ನಿಲ್ಲುವ ಸಣ್ಣ ಸದ್ದು ಸಹಜವಾದದ್ದು.

ಎರಡನೆಯ ಉತ್ತರ:
ಹೆಡ್‌ಲೈಟಿನ ಬಗ್ಗೆ ಹೇಳುತ್ತೇನೆ. ಗಾಜಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ ಮತ್ತು ಒಂದು ಸಂಖ್ಯೆ ಇದ್ದರೆ, ಆ ದೀಪಕ್ಕೆ ನಿರ್ದಿಷ್ಟ ವರ್ಗದ ಬಲ್ಬಿನೊಂದಿಗೆ ಅನುಮೋದನೆ ದೊರೆತಿದೆ ಎಂದರ್ಥ. ಎಚ್4 ದೀಪದ ಪ್ರತಿಫಲಕವನ್ನು ಫಿಲಮೆಂಟ್ ಇರುವ ಜಾಗವನ್ನು ಆಧರಿಸಿ ರೂಪಿಸಲಾಗಿದೆ. ಎಲ್‌ಇಡಿಯ ಬೆಳಕಿನ ಮೂಲ ಅದೇ ಆಕಾರದಲ್ಲಿ, ಅದೇ ಸ್ಥಾನದಲ್ಲಿ ಇರದಿದ್ದರೆ ಲೋ ಬೀಮ್ ಕೂಡ ಎದುರಿನವರ ಕಣ್ಣಿಗೆ ರಾಚುತ್ತದೆ. ಈ ಪದ್ಧತಿಯನ್ನು ಅನುಸರಿಸುವ ದೇಶಗಳಲ್ಲಿ ಇಂಥ ಬದಲಾವಣೆ ಸಾಮಾನ್ಯವಾಗಿ ನಿಯಮಬಾಹಿರ. ಕೆಲವು ದೇಶಗಳು ನಿರ್ದಿಷ್ಟ ಕಾರಿಗೆ ನಿರ್ದಿಷ್ಟ ಎಲ್‌ಇಡಿ ಬಲ್ಬನ್ನು ಪರೀಕ್ಷಿಸಿ ಅನುಮತಿಸಿವೆ; ನಿಮ್ಮ ಮಾದರಿ ಆ ಪಟ್ಟಿಯಲ್ಲಿ ಇದೆಯೇ ಎಂದು ನೋಡಿಕೊಳ್ಳಿ. 100/90 ವಾಟ್ ಬಲ್ಬ್‌ಗಳೂ ಬೇಡ, ಏಕೆಂದರೆ 60/55 ವಾಟಿಗಾಗಿ ಮಾಡಿದ ಸ್ವಿಚ್ ಮತ್ತು ವೈರು ಅವುಗಳ ಭಾರ ತಾಳುವುದಿಲ್ಲ.

ಹಳೆಯ ಕಾರುಗಳಲ್ಲಿ ನಿಜವಾದ ಕಳ್ಳ ವೈರಿಂಗ್. ಎಂಜಿನ್ ಓಡುತ್ತಿರುವಾಗ ದೀಪ ಉರಿಸಿ, ಬ್ಯಾಟರಿಯ ಬಳಿ ಮತ್ತು ಬಲ್ಬಿನ ಬಳಿ ವೋಲ್ಟೇಜ್ ಅಳೆಯಿರಿ. ವೋಲ್ಟೇಜ್ ಶೇ 10 ಕುಸಿದರೆ ಬೆಳಕು ಸುಮಾರು ಶೇ 30 ಕುಗ್ಗುತ್ತದೆ. ಫ್ಯೂಸ್ ಸಹಿತ ರಿಲೇ (ಬ್ಯಾಟರಿಯಿಂದ ನೇರವಾಗಿ ಬಲ್ಬಿಗೆ ವಿದ್ಯುತ್ ಕೊಡುವ, ಹಳೆಯ ಸ್ವಿಚ್ಚಿನಿಂದಲೇ ನಡೆಯುವ ಸಾಧನ) ಹಾಕಿ, ಅರ್ತಿಂಗ್ ಸರಿಪಡಿಸಿದರೆ ಅನುಮೋದಿತ ದೀಪವನ್ನು ಮುಟ್ಟದೆಯೇ ಬೆಳಕು ಮರಳುತ್ತದೆ.

ಪ್ರಶ್ನೆ ಕೇಳಿದವರು:
ಹೋಸ್ ಮತ್ತು ವಾಲ್ವ್ ಎರಡೂ ಸರಿಯಿವೆ, ಪೆಡಲ್ ಮಾತ್ರ ಇಳಿಯಲಿಲ್ಲ. ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದರೆ ಬಲ್ಬಿನ ಬಳಿ 11.7 ಮಾತ್ರ ಸಿಕ್ಕಿತು. ರಿಲೇ ಹಾಕಿಸುತ್ತೇನೆ, ಸರ್ವೋ ಬದಲಿಸುವಾಗ ಗಮನಿಸಬೇಕಾದದ್ದು ಏನಾದರೂ ಇದೆಯೇ?

ಮೂರನೆಯ ಉತ್ತರ:
ಇದೆ. ಸರ್ವೋದ ಮುಂದಿರುವ, ಬ್ರೇಕ್ ಆಯಿಲನ್ನು ಚಕ್ರಗಳತ್ತ ಒತ್ತುವ ಮಾಸ್ಟರ್ ಸಿಲಿಂಡರನ್ನು ಬಿಚ್ಚಿದಾಗ ಅದರ ಹಿಂಬದಿ ಒದ್ದೆಯಾಗಿದೆಯೇ ನೋಡಿ. ಹಿಂದಿನ ಸೀಲಿನಿಂದ ಬ್ರೇಕ್ ಆಯಿಲ್ ಸೋರಿ ಸರ್ವೋದೊಳಗೆ ಇಳಿದು ಡಯಾಫ್ರಾಮನ್ನು ಕೆಡಿಸಿದ್ದರೆ, ಆ ಸೀಲ್ ಬದಲಿಸದೆ ಹಾಕಿದ ಹೊಸ ಸರ್ವೋ ಕೂಡ ಅದೇ ರೀತಿ ಹಾಳಾಗುತ್ತದೆ. ಪುಷ್‌ರಾಡಿನ (ಸರ್ವೋದಿಂದ ಮಾಸ್ಟರ್ ಸಿಲಿಂಡರಿಗೆ ಬಲ ಸಾಗಿಸುವ ಕಡ್ಡಿ) ಉದ್ದವನ್ನು ಕಾರಿನ ಕೈಪಿಡಿಯಲ್ಲಿ ಹೇಳಿದ ಅಳತೆಗೇ ಹೊಂದಿಸಿ. ತುಸು ಹೆಚ್ಚಾದರೂ ಕಾಲು ತೆಗೆದ ಮೇಲೆ ಬ್ರೇಕ್ ಪೂರ್ತಿ ಬಿಡದೆ ಬಿಸಿಯೇರುತ್ತದೆ.