ಕಾರ್ಡ್‌ಲೆಸ್ ಫೋನ್: ಹೊಸ ಸೆಲ್ ಹಾಕಿದರೂ ಚಾರ್ಜ್ ನಿಲ್ಲುತ್ತಿಲ್ಲ, ಹ್ಯಾಂಡ್‌ಸೆಟ್ ಬಿಸಿಯಾಗುತ್ತಿದೆ

ರಾಯಚೂರು ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವ ರಾಯಚೂರಿನ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಮೊಬೈಲ್ ಅವರಿಗೆ ಒಗ್ಗಲಿಲ್ಲ. ಅದಕ್ಕೇ ಲ್ಯಾಂಡ್‌ಲೈನಿಗೆ ಕಾರ್ಡ್‌ಲೆಸ್ ಹಾಕಿಸಿದ್ದೇವೆ. ಐದು ವರ್ಷ ಏನೂ ತೊಂದರೆ ಇರಲಿಲ್ಲ. ಈಚೆಗೆ ಹತ್ತು ನಿಮಿಷ ಮಾತಾಡಿದರೆ ಬೀಪ್ ಬೀಪ್ ಅಂತ ಬಂದು ಕಟ್ ಆಗುತ್ತಿತ್ತು. ಹೋದ ವಾರ ಎರಡು ಹೊಸ ಸೆಲ್ ತಂದು ಹಾಕಿದೆ. ನಿನ್ನೆಯಿಂದ ಬೇಸ್ ಮೇಲೆ ಇಟ್ಟರೆ ಹ್ಯಾಂಡ್‌ಸೆಟ್ಟಿನ ಬೆನ್ನು ಬಿಸಿಯಾಗುತ್ತಿದೆಯಂತೆ. ಮಾತಾಡುವಾಗ ಗುಂಯ್ ಅನ್ನೋ ಸದ್ದು ಬೇರೆ. ಹೊಸ ಫೋನೇ ತರಬೇಕಾ?

ಬಳ್ಳಾರಿ ಬೆಸುಗೆ:
ಅಕ್ಕಾ, ಮೊದಲು ಅವ್ವನವರಿಗೆ ಫೋನ್ ಮಾಡಿ, ಹ್ಯಾಂಡ್‌ಸೆಟ್ ಬೇಸ್‌ನಿಂದ ಎತ್ತಿ ಬೇರೆ ಇಡೋಕೆ ಹೇಳಿ. ಉಳಿದದ್ದು ಆಮೇಲೆ. ನೀವು ಅಲ್ಲಿಗೆ ಹೋದಾಗ ಹಿಂದಿನ ಮುಚ್ಚಳ ತೆಗೆದು ನೋಡಿ. ಸೆಲ್ ಮೇಲೆ 1.5 ವೋಲ್ಟ್ ಅಂತಿದೆಯಾ, 1.2 ಅಂತಿದೆಯಾ?

ರಾಯಚೂರು ಮಗಳು:
ಈಗ ಅವ್ವನ ಮನೆಯಲ್ಲೇ ಇದ್ದೇನೆ. 1.5 ಅಂತಿದೆ. ಟಿವಿ ರಿಮೋಟ್‌ಗೆ ಹಾಕ್ತೀವಲ್ಲ, ಅದೇ ಸಣ್ಣ ಸೆಲ್. ಅಳತೆ ಸರಿಯಾಗಿ ಕೂತಿತು, ಅದಕ್ಕೇ ಹಾಕಿದೆ. ಒಂದು ಸೆಲ್ಲಿನ ತುದಿಯಲ್ಲಿ, ಸ್ಪ್ರಿಂಗ್ ಹತ್ತಿರ, ಬಿಳಿ ಪುಡಿ ಕಾಣಿಸುತ್ತಿದೆ.

ಬಳ್ಳಾರಿ ಬೆಸುಗೆ:
ಅಲ್ಲೇ ತಪ್ಪಾಗಿರೋದು. ಅಳತೆ ಒಂದೇ, ಒಳಗಿರೋದು ಬೇರೆ. ರಿಮೋಟ್ ಸೆಲ್ ಚಾರ್ಜ್ ಮಾಡೋಕೆ ಮಾಡಿದ್ದಲ್ಲ. ಬೇಸ್ ಮೇಲೆ ಇಟ್ಟಾಗಲೆಲ್ಲ ಅದರೊಳಗೆ ಕರೆಂಟ್ ನುಗ್ಗುತ್ತದೆ. ಒಳಗೆ ಗ್ಯಾಸ್ ತುಂಬುತ್ತದೆ, ಬಿಸಿಯಾಗುತ್ತದೆ, ಸೋರುತ್ತದೆ. ಒಮ್ಮೊಮ್ಮೆ ಸಿಡಿಯಲೂಬಹುದು. ವಯಸ್ಸಾದವರು ಕಿವಿಗೆ ಹಿಡಿಯುವ ವಸ್ತು, ದಯವಿಟ್ಟು ಅದನ್ನು ಇನ್ನೊಂದು ಸಲ ಹಾಕಬೇಡಿ.

ಆ ಬಿಳಿ ಪುಡಿ ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಉರಿಯುತ್ತದೆ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಸೆಲ್ ತೆಗೆಯಿರಿ. ಒಣ ಹತ್ತಿಕಡ್ಡಿಯಲ್ಲಿ ಸ್ಪ್ರಿಂಗ್ ಒರೆಸಿ. ಆಮೇಲೆ ಸ್ಪ್ರಿಂಗಿಗೂ ಹೊರಗಿನ ಎರಡು ಚಾರ್ಜಿಂಗ್ ಪಟ್ಟಿಗೂ ಪೆನ್ಸಿಲ್ ರಬ್ಬರ್ ಹಿಡಿದು ಮೆಲ್ಲಗೆ ಉಜ್ಜಿ. ಕಪ್ಪು ಹೋಗಿ ಹೊಳಪು ಬರುತ್ತದೆ. ನಮ್ಮ ಕಡೆ ಧೂಳು ಎಷ್ಟು ಅಂತ ನಿಮಗೆ ಹೇಳಬೇಕಾ! ಬೇಸ್ ಮೇಲಿನ ಪಟ್ಟಿಗಳನ್ನೂ ತಿಂಗಳಿಗೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ, ಅಡಾಪ್ಟರ್ ಕಿತ್ತ ಮೇಲೆ.

ಅಂಗಡಿಯಲ್ಲಿ 'ನಿಕಲ್ ಮೆಟಲ್ ಹೈಡ್ರೈಡ್, 1.2 ವೋಲ್ಟ್, ರೀಚಾರ್ಜಬಲ್' ಅಂತಲೇ ಕೇಳಿ. ಮೊದಲು ಫೋನಿನ ಜೊತೆ ಬಂದ ಸೆಲ್ ಮೇಲೆ ಬರೆದಷ್ಟೇ ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ) ಇರಲಿ. ಎರಡೂ ಒಟ್ಟಿಗೆ ಬದಲಾಯಿಸಿ. ಒಂದು ಹಳೆಯದು ಒಂದು ಹೊಸದು ಆದರೆ ಹೊಸದೂ ಬೇಗ ಸಾಯುತ್ತದೆ. ಮೊದಲ ಸಲ ಚಾರ್ಜ್ ಪೂರ್ತಿ ಆಗಲಿ. ಮಾಡೆಲ್ ನೋಡಿಕೊಂಡು 7ರಿಂದ 16 ಗಂಟೆ ಬೇಕಾಗುತ್ತದೆ, ಪುಸ್ತಕದಲ್ಲಿ ಬರೆದಿರುತ್ತಾರೆ. ಬೇಸ್ ಎಲ್ಲಿಟ್ಟಿದ್ದೀರಿ?

ರಾಯಚೂರು ಮಗಳು:
ಪಡಸಾಲೆಯ ಪಡುವಣ ಕಿಟಕಿ ಕಟ್ಟೆ ಮೇಲೆ. ಪಕ್ಕದಲ್ಲೇ ವೈಫೈ ರೂಟರ್ ಇದೆ.

ಕೊಪ್ಪಳದವ:
ಅಕ್ಕಾರ, ಆ ಜಾಗ ಬೇಡ. ಬೇಸಿಗೆಯಲ್ಲಿ ರಾಯಚೂರಿನಲ್ಲಿ 40 ಡಿಗ್ರಿ ದಾಟೋದು ಮಾಮೂಲು. ಸಂಜೆ ಬಿಸಿಲು ನೇರ ಬಿದ್ದರೆ ಪ್ಲಾಸ್ಟಿಕ್ ಒಳಗೆ ಇನ್ನೂ ಜಾಸ್ತಿ. ಆ ಕಾವಿನಲ್ಲಿ ಚಾರ್ಜ್ ಮಾಡಿದರೆ ಒಳ್ಳೆ ಸೆಲ್ಲೂ ಬಾಳಿಕೆ ಬರಲ್ಲ. ಒಳಗೋಡೆ ಕಡೆ, ರೂಟರ್‌ನಿಂದ ಒಂದೆರಡು ಮೀಟರ್ ದೂರ ಇಡಿ.

ಗುಂಯ್ ಸದ್ದಿಗೆ ಒಂದು ಪರೀಕ್ಷೆ ಇದೆ. ಅದೇ ಲೈನಿಗೆ ವೈರ್ ಇರುವ ಹಳೆ ಫೋನ್ ಸಿಕ್ಕಿಸಿ ಕೇಳಿ. ಅದರಲ್ಲೂ ಬಂದರೆ ತೊಂದರೆ ಲೈನಿನದು. ಕಾರ್ಡ್‌ಲೆಸ್‌ನಲ್ಲಿ ಮಾತ್ರ ಬಂದರೆ ರೂಟರ್ ಇಲ್ಲವೇ ಅಡಾಪ್ಟರ್. ಕರೆಂಟ್ ಹೋಗಿ ಇನ್ವರ್ಟರ್ ಓಡುವಾಗ ಮಾತ್ರ ಗುಂಯ್ ಅಂದರೆ ಇನ್ವರ್ಟರಿನ ಕಡೆ ನೋಡಿ. ಅಡಾಪ್ಟರ್ ಬದಲಾಯಿಸುವುದಾದರೆ ಬೇಸ್‌ಗೆ ಬರೆದ ವೋಲ್ಟೇ ಇರಬೇಕು. ಪಿನ್ ಹಿಡಿಸಿತು ಅಂತ ಯಾವುದೋ ಒಂದನ್ನು ಸಿಕ್ಕಿಸಬೇಡಿ.

ಆ ಹಳೆ ಫೋನನ್ನು ಅಲ್ಲೇ ಬಿಡಿ. ಕರೆಂಟ್ ಇಲ್ಲದಿದ್ದರೆ ಬೇಸ್ ಸತ್ತಂತೆ. ಹ್ಯಾಂಡ್‌ಸೆಟ್‌ನಲ್ಲಿ ಚಾರ್ಜ್ ತುಂಬಿದ್ದರೂ ಕಾಲ್ ಹೋಗಲ್ಲ. ತಾಮ್ರದ ಲೈನಾದರೆ ವೈರ್ ಫೋನಿಗೆ ಬೇಕಾದ ಕರೆಂಟ್ ಎಕ್ಸ್‌ಚೇಂಜ್‌ನಿಂದಲೇ ಬರುತ್ತದೆ. ಒಬ್ಬರೇ ಇರೋರು ರಾತ್ರಿ 112ಕ್ಕೆ ಕರೆ ಮಾಡಬೇಕಾದರೆ ಅದೇ ಗತಿ. ಫೈಬರ್ ಲೈನಾದರೆ ಗೋಡೆಯ ಮೇಲಿನ ಪೆಟ್ಟಿಗೆಗೂ ಇನ್ವರ್ಟರ್ ಬೇಕು.

ಸಿಡಿಲು ಹೊಡೆಯುವಾಗ ಮಾತ್ರ ವೈರ್ ಫೋನ್ ಮುಟ್ಟಬಾರದು. ಮೋಡ ಕಟ್ಟುತ್ತಿದ್ದಂತೆ ಬೇಸಿನ ಅಡಾಪ್ಟರ್, ಲೈನ್ ವೈರ್ ಎರಡೂ ಕಿತ್ತಿಡಿ. ಗುಡುಗು ಶುರುವಾದ ಮೇಲೆ ಕೀಳಲು ಹೋಗಬೇಡಿ.

ರಾಯಚೂರು ಮಗಳು:
ನಾಲ್ಕು ದಿನ ಆಯ್ತು, ಹೇಳೋಣ ಅಂತ ಬಂದೆ. ಸರಿಯಾದ ಸೆಲ್ ಹಾಕಿ ಒಂದು ರಾತ್ರಿ ಪೂರ್ತಿ ಬಿಟ್ಟೆವು. ಬೆನ್ನು ಸ್ವಲ್ಪ ಬೆಚ್ಚಗಾಗುತ್ತದೆ ಅಷ್ಟೇ. ಬೇಸ್ ದೇವರಕೋಣೆ ಗೋಡೆಗೆ ಸರಿಸಿದ ಮೇಲೆ ಸದ್ದೂ ಇಲ್ಲ. ನಿನ್ನೆ ಅವ್ವ ನನ್ನ ತಂಗಿ ಜೊತೆ ಮುಕ್ಕಾಲು ಗಂಟೆ ಮಾತಾಡಿದರು. ನಮ್ಮದು ತಾಮ್ರದ ಲೈನೇ. ಹಳೆ ಕೆಂಪು ಫೋನ್ ಮಂಚದ ಪಕ್ಕ ಇಟ್ಟಿದ್ದೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಅಣ್ಣಾ. ತೆಗೆದ ಸೆಲ್ ಏನು ಮಾಡಲಿ?

ಬಳ್ಳಾರಿ ಬೆಸುಗೆ:
ಕೇಳಿ ಖುಷಿಯಾಯ್ತು ಅಕ್ಕಾ. ಎರಡೂ ತುದಿಗೆ ಟೇಪ್ ಸುತ್ತಿ, ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ. ಅಲ್ಲಿಯವರೆಗೆ ಮಕ್ಕಳ ಕೈಗೆ ಸಿಗದ ಕಡೆ ಇರಲಿ. ಒಲೆಗೆ, ಕಸ ಸುಡುವ ಬೆಂಕಿಗೆ ಎಸೆಯಬೇಡಿ, ಸಿಡಿಯುತ್ತದೆ. ಹೊಸ ಸೆಲ್ ಮೇಲೆ ಹಾಕಿದ ತಾರೀಖು ಮಾರ್ಕರ್‌ನಲ್ಲಿ ಬರೆದಿಡಿ.